ತೋಳು ಎರಡಿಂಚು ಗಿಡ್ಡ

ಸೋಮವಾರ ಹೆಡ್ ಗುಮಾಸ್ತರು ಒಂದು ಚೀಟಿ ಬರೆದರು. ಊಟದ ಹೊತ್ತು, ಹಸಿವು ಬೇರೆ, ಕೈ ಓಡುತ್ತಿತ್ತು. ಕೊಂಬು ಎಳೆಯಬೇಕಾದ ಕಡೆ ಪೆನ್ನು ಗುಡಿಸು ಎಳೆದುಬಿಟ್ಟಿತು. ಪಕ್ಕಕ್ಕೆ ಹೋಗಬೇಕಾದ ಬಾಲ ತಲೆಗೇರಿತು. 'ರದ್ದು' ಅನ್ನುವುದು 'ರದ್ದಿ' ಆಯಿತು. ಆದದ್ದು ಇಷ್ಟೇ. ಇಷ್ಟಕ್ಕೇ ಶುಕ್ರವಾರದ ಹೊತ್ತಿಗೆ ಒಬ್ಬ ಬಡಪಾಯಿಯ ಪ್ರಾಣ ಬಾಯಿಗೆ ಬಂದಿತ್ತು.

ಆ ಬಡಪಾಯಿಗೆ ಕಚೇರಿಯಲ್ಲಿ ಎಲ್ಲರೂ ಟೆಂಪರವರಿ ಅನ್ನುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಅವನಿಗೇ ಮರೆತಂತಾಗಿತ್ತು. ಹನ್ನೊಂದು ವರ್ಷದ ಹಿಂದೆ, ಸೇನೆಯ ಒಂದು ಯೋಜನೆಯಲ್ಲಿ ನಕ್ಷೆ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರುವಾಗ ಅವನ ಆದೇಶದಲ್ಲಿ 'ಯೋಜನೆ ಮುಗಿಯುವ ತನಕ ತಾತ್ಕಾಲಿಕ' ಎಂದು ಬರೆದಿತ್ತು. ಅಲ್ಲಿಂದ ತಲೆಕೂದಲು ಹೋಯಿತು, ಎರಡು ಹಲ್ಲು ಹೋದವು, ಫೈಲು ಹೊತ್ತು ಹೊತ್ತು ಬಲ ಭುಜ ಇಳಿದುಹೋಯಿತು. ತಾತ್ಕಾಲಿಕ ಮಾತ್ರ ಹೋಗಲಿಲ್ಲ.

ಯೋಜನೆ ಅಂದರೆ ಇದು. ಒಂದು ದೊಡ್ಡ ಲಾರಿ, ಅದರ ಬೆನ್ನ ಮೇಲೆ ಒಂದು ಕಬ್ಬಿಣದ ತೋಳು, ತೋಳಿನ ತುದಿಯಲ್ಲಿ ನಾಲ್ಕು ಕ್ಷಿಪಣಿ. ತೋಳು ಲಾರಿಗೆ ಸೇರುವ ಜಾಗಕ್ಕೆ ಮೆಕ್ಯಾನಿಕ್ಕುಗಳು ಕುತ್ತಿಗೆ ಅನ್ನುತ್ತಿದ್ದರು. ಶತ್ರು ವಿಮಾನ ಬಂದಾಗ ಲಾರಿ ಓಡಿಹೋಗಿ ನಿಲ್ಲಬೇಕು, ತೋಳು ಏಳಬೇಕು, ಕ್ಷಿಪಣಿ ಹಾರಬೇಕು. ಕಾಗದದ ಮೇಲೆ ಎಲ್ಲವೂ ನೆಟ್ಟಗಿತ್ತು. ನೆಲದ ಮೇಲೆ ಮಾತ್ರ ತೋಳು ಎದ್ದ ಕೂಡಲೇ ಲಾರಿ ಬಲಕ್ಕೆ ವಾಲುತ್ತಿತ್ತು. ಕೊನೆಯ ಸಲ ಪರೀಕ್ಷೆ ಮಾಡಿದಾಗ ವಾಲಿದ ರಭಸಕ್ಕೆ ಕ್ಷಿಪಣಿಯ ಮೂಗು ನೇರ ಗಣ್ಯರು ಕೂತಿದ್ದ ಕಡೆಗೆ ತಿರುಗಿತು. ಹಾರಲಿಲ್ಲ, ಪುಣ್ಯ. ಆದರೆ ಕುರ್ಚಿಯ ಅಡಿಯಿಂದ ಎದ್ದು ಬಂದ ಗಣ್ಯರು ಮಾಡಿದ ಮೊದಲ ಕೆಲಸವೇ ಯೋಜನೆಯನ್ನು ರದ್ದು ಮಾಡಿದ್ದು.

ಕಚೇರಿಯೆಲ್ಲ ಸೂತಕದ ಮನೆಯಾಯಿತು. ಟೆಂಪರವರಿ ಒಬ್ಬನೇ ಒಳಗೊಳಗೇ ಕುಣಿದ. ಯೋಜನೆ ಮುಗಿದರೆ ತಾತ್ಕಾಲಿಕವೂ ಮುಗಿಯಿತಲ್ಲ! ಒಂಬತ್ತು ಮೂಲ ನಕ್ಷೆಗಳನ್ನು ಯೋಜನೆ ಮುಚ್ಚುವ ಸಮಿತಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡರೆ ಸಾಕು, ಅವನಿಗೆ ಉಗ್ರಾಣ ಇಲಾಖೆಯಲ್ಲಿ ಪರ್ಮನೆಂಟ್ ಕೆಲಸ. ಪರ್ಮನೆಂಟಿನವರಿಗೆ ಎರಡು ಕೋಣೆಯ ಮನೆ, ಮನೆಯ ಒಳಗೇ ನಲ್ಲಿ. ಹನ್ನೊಂದು ವರ್ಷದಿಂದ ಬೀದಿ ನಲ್ಲಿಯಲ್ಲಿ ಕೊಡ ಹಿಡಿದು ಜಗಳವಾಡಿದ ಅವನ ಹೆಂಡತಿಗೆ ಆ ನಲ್ಲಿ ಕನಸಲ್ಲೂ ಸುರಿಯುತ್ತಿತ್ತು.

ಹೀಗಿರುವಾಗ ಬಂತು ಆ ಚೀಟಿ: 'ನಕ್ಷೆ ಒಂಬತ್ತು, ರದ್ದಿ.' ನಕ್ಷೆಗಳ ಮೇಲೆ 'ರದ್ದು' ಎಂದು ಮೊಹರು ಒತ್ತು ಅನ್ನುವುದು ಅದರ ಅರ್ಥ. ಟೆಂಪರವರಿಯೋ, ಬರೆದದ್ದನ್ನು ಬರೆದ ಹಾಗೇ ಪಾಲಿಸುವ ಮನುಷ್ಯ. ಗುಡಿಸು ಕಂಡಿತು, ಗುಡಿಸಿ ಹಾಕಿದ. ಒಂಬತ್ತನ್ನೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಗೇಟಿನಲ್ಲಿ ಕಾವಲುಗಾರನಿಗೆ ಚೀಟಿ ತೋರಿಸಿ, ಹಿಂದಿನ ಬೀದಿಯ ರದ್ದಿ ಅಂಗಡಿಗೆ ಹಾಕಿ ಕೈ ಕೊಡವಿಕೊಂಡು ಬಂದ.

ಶುಕ್ರವಾರ ಬೆಳಿಗ್ಗೆ ಅವನು ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ. ಹೆಂಡತಿ ಅಡಿಗೆಮನೆಯಿಂದ ಇಣುಕಿದಳು.

"ರೀ, ಕೈ ಎಲ್ರೀ?"

"ಒಳಗಿದೆ."

ತೋಳು ಬೆರಳ ತುದಿ ದಾಟಿ ಎರಡಿಂಚು ಇಳಿದಿತ್ತು. ಕಾಲರು ಕುತ್ತಿಗೆ ಹಿಸುಕುತ್ತಿತ್ತು. ಇಳಿದ ಭುಜದ ಕಡೆ ಅಂಗಿಯೂ ಸೊಟ್ಟಗೆ ಜಾರಿತ್ತು.

"ಇದೇನು ನಿನ್ನ ತಮ್ಮ ಅಂಗಿ ಹೊಲಿದಿದಾನೋ ಚೀಲ ಹೊಲಿದಿದಾನೋ? ನಾಲ್ಕು ಗಂಟೆಗೆ ಸಮಿತಿ ಮುಂದೆ ನಿಲ್ಬೇಕು ಕಣೇ ನಾನು."

"ನನ್ನ ತಮ್ಮನ್ನ ಯಾಕೆ ಅಂತೀರಿ? ನಿಮ್ಮ ಭುಜ ಸೊಟ್ಟ ಇದ್ರೆ ಅವನೇನು ಮಾಡ್ತಾನೆ? ಎಲ್ಲೋ ಒಳ್ಳೇ ದಪ್ಪ ಹಾಳೆ ಸಿಕ್ತು ಅಂತ ನಿಮ್ಮ ಅಳತೇನೇ ಮೊದಲು ಅದರಲ್ಲಿ ಕತ್ತರಿಸಿ ಇಟ್ಟಿದಾನೆ, ಜೀವಮಾನಕ್ಕಾಗತ್ತೆ ಅಂತ. ಈಗ ತೋಳು ಮಡಚ್ಕೊಂಡು ಹೋಗಿ. ನಾನು ಹೋಗಿ ಆ ಹಾಳೆ ಮೇಲೆ ತಪ್ಪೆಲ್ಲ ಬರೆಸಿಟ್ಟು ಬರ್ತೀನಿ. ಸಂಜೆ ಅಂಗಿ ಕೊಟ್ರೆ ಸರಿ ಮಾಡ್ತಾನೆ."

ಅವನು ತೋಳು ಮಡಚಿಕೊಂಡು ಹೊರಟ. ಮಡಿಕೆ ಬೀದಿ ತುದಿ ಮುಟ್ಟುವಷ್ಟರಲ್ಲಿ ಬಿಚ್ಚಿಕೊಂಡಿತು.

ಹನ್ನೊಂದು ಗಂಟೆಗೆ ಹೆಡ್ ಗುಮಾಸ್ತರು ನಕ್ಷೆ ಕೋಣೆಯ ಬಾಗಿಲಲ್ಲಿ ನಿಂತರು.

"ಏನ್ರೀ ಟೆಂಪರವರಿ, ಒಂಬತ್ತಕ್ಕೂ ರದ್ದು ಮೊಹರು ಒತ್ತಿದ್ದೀರಿ ತಾನೆ?"

"ಯಾವ ಒಂಬತ್ತಕ್ಕೆ ಸಾರ್?"

"ನಕ್ಷೆಗಳಿಗೆ ಕಣ್ರೀ. ಸೋಮವಾರ ಚೀಟಿ ಕಳಿಸಿದ್ನಲ್ಲ. ನಾಲ್ಕಕ್ಕೆ ಸರಿಯಾಗಿ ಸಮಿತಿ ಮೇಜಿನ ಮೇಲಿರ್ಬೇಕು."

ಟೆಂಪರವರಿ ಮೆಲ್ಲಗೆ ಸರಿದು ಕಪಾಟಿಗೆ ಅಡ್ಡ ನಿಂತ. "ಚೀಟೀಲಿ... ರದ್ದು ಅಂತ ಬರ್ದಿದ್ರಾ ಸಾರ್?"

"ಮತ್ತೇನು, ರದ್ದಿ ಅಂತ ಬರೀತೀನಾ?" ಹೆಡ್ ಗುಮಾಸ್ತರು ತಮ್ಮ ಹಾಸ್ಯಕ್ಕೆ ತಾವೇ ಹೊಟ್ಟೆ ಹಿಡಿದು ನಕ್ಕರು. ಟೆಂಪರವರಿಯೂ ನಕ್ಕ; ಅಳುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಜೋಪಾನ ಕಣ್ರೀ. ಇನ್ನೊಂದು ಯೋಜನೇಲಿ ಒಬ್ಬ ಒಂದೇ ಒಂದು ಹಾಳೆ ಕಳೆದಿದ್ದ. ಏನಾಯ್ತು ಗೊತ್ತಲ್ಲ?"

"ಏನಾಯ್ತು ಸಾರ್?"

"ನಂಗೂ ಗೊತ್ತಿಲ್ಲ. ಆಮೇಲೆ ಅವನನ್ನ ಯಾರೂ ನೋಡಿಲ್ಲ."

ಅವರು ಹೋದ ಮೇಲೆ ಟೆಂಪರವರಿ ಖಾಲಿ ಕಪಾಟಿನ ಮುಂದೆ ನಿಂತು ಗೋಡೆ ಗಡಿಯಾರ ನೋಡಿದ. ಐದು ಗಂಟೆ ಉಳಿದಿತ್ತು. ಒಂದು ಕಡೆ ಒಳಗಿನ ನಲ್ಲಿ, ಇನ್ನೊಂದು ಕಡೆ ಜೈಲಿನ ನಲ್ಲಿ. ಓಡಿದರೆ ಇನ್ನೂ ಸಿಕ್ಕೀತು ಎಂದು ಹೊರಟವನನ್ನು ಬಾಗಿಲಲ್ಲೇ ತಡೆದವಳು ರೇಡಿಯೋ ಅಕ್ಕ.

ರೇಡಿಯೋ ಅಕ್ಕ ಆ ಕಚೇರಿಯ ಟೈಪಿಸ್ಟು. ಆಕೆಯ ಬೆರಳಿಗಿಂತ ಬಾಯಿ ವೇಗ.

"ಏನೋ ಇದು, ಮುಖ ಸುಣ್ಣ ಬಳಿದ ಗೋಡೆ ಆಗಿದೆ?"

"ಹೊಟ್ಟೆನೋವು ಅಕ್ಕ. ಡಾಕ್ಟರ ಹತ್ರ ಹೋಗ್ಬರ್ತೀನಿ."

ಆಡಬಾರದ ಮಾತು ಆಡಿದ್ದ. ಐದು ನಿಮಿಷದಲ್ಲಿ ಟೆಂಪರವರಿಯ ಹೊಟ್ಟೆ ಇಡೀ ಕಚೇರಿಯ ಆಸ್ತಿಯಾಯಿತು. ಒಬ್ಬರು ಬಿಸಿನೀರು ಕುಡಿಸಿದರು, ಇನ್ನೊಬ್ಬರು ಅಯ್ಯೋ ಬಿಸಿನೀರು ವಿಷ ಎಂದು ತಣ್ಣೀರು ಕುಡಿಸಿದರು. ನಕ್ಷೆ ಬರೆಯುವವರು ಅವನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಸ್ಕೇಲಿನಿಂದ ಹೊಟ್ಟೆ ತಟ್ಟಿ ನೋಡಿದರು. ಎಲ್ಲರ ಕೈಗೂ ಸಿಕ್ಕಿ, ಎಲ್ಲರ ಮದ್ದೂ ನುಂಗಿ, ಅವನು ಕಟ್ಟಡದಿಂದ ಹೊರಬಿದ್ದಾಗ ಒಂದು ಗಂಟೆ. ಆಗ ಅವನಿಗೆ ನಿಜವಾಗಿಯೂ ಹೊಟ್ಟೆನೋವು ಶುರುವಾಗಿತ್ತು.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಚೀಟಿ?"

"ಹೊಟ್ಟೆನೋವಿಗೂ ಚೀಟಿಯಾ ಅಣ್ಣ?"

"ಹೊಟ್ಟೆ ಹೊರಗೆ ಹೋಗ್ತಿದೆ ತಾನೆ? ಹೊರಗೆ ಹೋಗೋದಕ್ಕೆಲ್ಲ ಚೀಟಿ ಬೇಕು." ಆಮೇಲೆ ಆ ಮುಖ ನೋಡಿ ಅವನಿಗೇ ಅಯ್ಯೋ ಅನಿಸಿತು. "ಹೋಗು ಹೋಗು. ಬರುವಾಗ ಡಾಕ್ಟರ ಚೀಟಿ ತಾ."

ಟೆಂಪರವರಿ ಎರಡು ಹೆಜ್ಜೆ ಹೋಗಿ ತಿರುಗಿದ. "ಅಣ್ಣ, ಸುಮ್ನೆ ಕೇಳ್ತೀನಿ. ಹೊರಗೆ ಹೋದ ರದ್ದಿ ವಾಪಸ್ ಒಳಗೆ ತರ್ಬೇಕು ಅಂದ್ರೆ?"

"ರದ್ದಿ ಹೊರಗೆ ಹೋಗತ್ತೆ, ಒಳಗೆ ಬರಲ್ಲ. ತಂದ್ರೆ ಹೆಡ್ ಗುಮಾಸ್ತರ ಸಹಿ ಬೇಕು. ಯಾರಾದ್ರೂ ಕೈಯಲ್ಲಿ ಕಾಗದದ ಸುರುಳಿ ಹಿಡ್ಕೊಂಡು ಬಂದ್ರೆ ಬಿಚ್ಚಿ ನೋಡಿ ಅಂತ ಆರ್ಡರ್ ಆಗಿದೆ. ಯಾಕೆ?"

"ಏನಿಲ್ಲ ಅಣ್ಣ," ಎಂದು ಟೆಂಪರವರಿ ಓಡಿದ.

ರದ್ದಿ ಅಂಗಡಿಯ ಮುದುಕ ಊಟ ಮುಗಿಸಿ, ಅಂಗಡಿಯ ಮಧ್ಯೆ ಏನನ್ನೋ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಟೆಂಪರವರಿ ಕೆಮ್ಮಿದ, ತಕ್ಕಡಿ ಅಲ್ಲಾಡಿಸಿದ, ಕೊನೆಗೆ ಕಾಲು ಹಿಡಿದು ಅಲುಗಿಸಿದ.

"ತಾತ, ಸೋಮವಾರ ನಾನು ಹಾಕಿ ಹೋದ್ನಲ್ಲ, ದೊಡ್ಡ ದೊಡ್ಡ ಹಾಳೆ..."

ಮುದುಕನಿಗೆ ಕಿವಿ ಮಂದ. ಮಂದ ಕಿವಿಯವರ ಬಾಯಿ ಮಂದವಾಗಿರುವುದಿಲ್ಲ. "ಯಾವ್ದು? ನೀಲಿ ಗೆರೆದಾ? ರಾಕೆಟ್ ಚಿತ್ರದ್ದಾ? ಮಿಲ್ಟ್ರಿ ಸೀಕ್ರೆಟ್ಟಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

"ಶ್! ಮೆಲ್ಲಗೆ ತಾತ! ನಿಮ್ಮ ಕಾಲಿಗೆ ಬೀಳ್ತೀನಿ!"

"ಎಲ್ಲಾದ್ರ ಮೇಲೂ ಅತಿ ರಹಸ್ಯ ಅಂತ ಬರ್ದಿದೆಯಲ್ಲಪ್ಪ. ಯಾರೂ ನೋಡ್ಬಾರ್ದು ಅಂತಾನೇ ಬೋರಲು ಹಾಕಿ ಅದರ ಮೇಲೆ ಮಲಗಿದೀನಿ. ನಂಗೂ ದೇಶಭಕ್ತಿ ಇದೆ."

ನಕ್ಷೆಗಳು ಮುದುಕನ ಅಡಿಯಲ್ಲೇ ಇದ್ದವು. ಕಾಗದ ದಪ್ಪ, ಪೊಟ್ಟಣ ಕಟ್ಟಲು ಬಗ್ಗುವುದಿಲ್ಲ ಎಂದು ಯಾರೂ ಕೊಂಡಿರಲಿಲ್ಲ. ಟೆಂಪರವರಿಗೆ ಮುದುಕನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಎಳೆದು ಎಳೆದು ಎಣಿಸಿದ. ಒಂದು, ಎರಡು, ಮೂರು... ಎಂಟು. ಮತ್ತೆ ಎಣಿಸಿದ. ಎಂಟೇ.

"ಒಂದು ಕಮ್ಮಿ ಇದೆ ತಾತ! ಒಂಬತ್ತನೇದು, ತೋಳಿನ ನಕ್ಷೆ!"

"ತೋಳಾ? ಹ್ಞಾಂ, ಅದನ್ನ ಟೈಲರು ತಗೊಂಡು ಹೋದ. ತೋಳು ಹೊಲಿಯೋನಲ್ವೇನಪ್ಪ ಅವನು."

"ಯಾವ ಟೈಲರು?"

"ಮೂಲೆ ಅಂಗಡಿಯವನು. ಅದೇ, ಬಾಯಲ್ಲಿ ಯಾವಾಗ್ಲೂ ಗುಂಡುಸೂಜಿ ಇಟ್ಕೊಂಡಿರ್ತಾನಲ್ಲ."

ಮೂಲೆ ಅಂಗಡಿಯವನು ಅಂದರೆ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ತಮ್ಮ. ಎಲ್ಲೋ ಒಳ್ಳೇ ದಪ್ಪ ಹಾಳೆ ಸಿಕ್ತು ಎಂದು ಬೆಳಿಗ್ಗೆ ಹೆಂಡತಿ ಹೇಳಿದ್ದು ಈಗ ಟೆಂಪರವರಿಯ ಕಿವಿಯಲ್ಲಿ ಗುಂಯ್‌ಗುಟ್ಟಿತು. ಅವನು ತನ್ನ ಅಂಗಿಯ ಕಡೆ ನೋಡಿಕೊಂಡ. ದೇಶದ ವಾಯುರಕ್ಷಣೆಯನ್ನು ಕತ್ತರಿಸಿ ಹೊಲಿದ ಅಂಗಿ ಅದು.

ಟೈಲರ್ ಅಂಗಡಿಗೆ ಅವನು ಎಂಟೂ ನಕ್ಷೆ ಹೊತ್ತು ಏದುಸಿರು ಬಿಡುತ್ತ ನುಗ್ಗಿದಾಗ ಹೆಂಡತಿ ಇನ್ನೂ ಅಲ್ಲೇ ಸ್ಟೂಲಿನ ಮೇಲೆ ಕೂತು ಊರ ಸುದ್ದಿ ಹೇಳುತ್ತಿದ್ದಳು. ಗೋಡೆಯ ಮೊಳೆಗೆ ಒಂದು ದಾರ ಪೋಣಿಸಿ ಹಾಳೆಯ ಆರು ತುಂಡು ತೂಗುಹಾಕಿತ್ತು: ಮುಂಭಾಗದ್ದು ಎರಡು, ಬೆನ್ನು ಒಂದು, ತೋಳು ಎರಡು, ಕಾಲರು ಒಂದು. ಒಂದೊಂದರ ಮೇಲೂ ನೀಲಿ ಗೆರೆ. ಕಾಲರಿನ ಮೇಲೆ 'ಅತಿ ರಹ' ಎಂದಿತ್ತು. 'ಸ್ಯ' ಬೆನ್ನಿಗೆ ಹೋಗಿತ್ತು.

"ಲೋ! ಕೊಲೆ ಮಾಡಿದ್ಯಲ್ಲೋ!"

ಭಾಮೈದ ಗಾಬರಿಯಾಗಿ ಗುಂಡುಸೂಜಿ ನುಂಗುವುದರಲ್ಲಿದ್ದ. "ತೋಳು ಎರಡಿಂಚು ಹೆಚ್ಚಾಗಿದ್ದಕ್ಕೆ ಕೊಲೆ ಅಂತೀರಲ್ಲ ಭಾವ! ಅಕ್ಕ ಹೇಳಿದ್ದೆಲ್ಲ ಬರ್ಕೊಂಡಿದೀನಿ, ನೋಡಿ ಬೇಕಾದ್ರೆ."

ಬರೆದುಕೊಂಡಿದ್ದ, ನಿಜ. ತೋಳಿನ ತುಂಡಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ದಪ್ಪ ಅಕ್ಷರ: 'ತೋಳು ಎರಡಿಂಚು ಗಿಡ್ಡ ಮಾಡು. ಕುತ್ತಿಗೆ ಬಿಗಿ, ಅರ್ಧ ಇಂಚು ಸಡಿಲ ಬಿಡು. ಬಲಗಡೆ ಇಳಿದಿದೆ, ಅಡಿಗೆ ದಪ್ಪ ಪಟ್ಟಿ ಕೊಡು. ಗಿರಾಕಿ ಅವಸರದವನು, ಬೇಗ ಮುಗಿಸು.'

ಟೆಂಪರವರಿ ಸ್ಟೂಲಿನ ಮೇಲೆ ಕುಸಿದು ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಉದ್ದ ತೋಳಿನಿಂದ ಕಣ್ಣು ಒರೆಸಿಕೊಂಡ. ಹೆಂಡತಿಗೆ ಜೈಲು ಅಷ್ಟಾಗಿ ಅರ್ಥವಾಗಲಿಲ್ಲ, ಒಳಗಿನ ನಲ್ಲಿ ಹೋಗುತ್ತದೆ ಅಂದದ್ದು ಅರ್ಥವಾಯಿತು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಅಳೋದು ಆಮೇಲೆ ಅಳಿ. ಲೋ, ಅಂಟು ತಗೊಂಡ್ಬಾ. ಹಳೇ ಪೇಪರ್ ಪಟ್ಟಿ ಕತ್ತರಿಸು."

"ಅಕ್ಕ, ಅಳತೆ ಹೋದ್ರೆ ಭಾವನ ಅಂಗಿ ಹೇಗೆ ಸರಿ ಮಾಡ್ಲಿ? ಆ ಭುಜದ ಅಳತೆ ಇನ್ನೊಂದ್ಸಲ ಯಾವ ಟೈಲರಿಗೂ ಸಿಗಲ್ಲ."

"ಅಂಗಿ ಮನೆ ಹಾಳಾಗ್ಲಿ!" ಎಂದು ಗಂಡಹೆಂಡಿರು ಒಟ್ಟಿಗೇ ಕೂಗಿದರು. ಹನ್ನೊಂದು ವರ್ಷದಲ್ಲಿ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಕತ್ತರಿಸಿ ಬಿದ್ದ ಚೂರುಗಳನ್ನು ಮೇಜಿನ ಅಡಿಯಿಂದ, ಕಸದ ಬುಟ್ಟಿಯಿಂದ ಹೆಕ್ಕಿ ಹೆಕ್ಕಿ ಮೂವರೂ ಅಂಟಿಸಿದರು. ತೋಳು ಬಂತು, ಕುತ್ತಿಗೆ ಬಂತು, ಲಾರಿಯ ಚಕ್ರ ಬಂತು, 'ರಹ' ಹೋಗಿ 'ಸ್ಯ'ವನ್ನು ಕೂಡಿಕೊಂಡಿತು. ಕೆಂಪು ಬರಹವನ್ನು ಅಳಿಸಲು ಟೆಂಪರವರಿ ರಬ್ಬರಿನಿಂದ ತಿಕ್ಕಿದ. ಕಾಗದ ಏಳತೊಡಗಿತು, ಅಕ್ಷರ ಏಳಲಿಲ್ಲ.

"ಬಿಡ್ರೀ, ತೂತಾಗತ್ತೆ," ಎಂದಳು ಹೆಂಡತಿ. "ಯಾರು ಓದ್ತಾರೆ? ಇಷ್ಟು ವರ್ಷ ಯಾರಾದ್ರೂ ಓದಿದಾರಾ?"

ಮೂರು ಗಂಟೆ ಹತ್ತು ನಿಮಿಷ. ಈಗ ಗೇಟು. ಸುರುಳಿ ಹಿಡಿದು ಹೋಗುವ ಹಾಗಿಲ್ಲ. ದಾರಿ ತೋರಿಸಿದವನು ಭಾಮೈದನೇ: ಕೈಯಲ್ಲಿ ಹಿಡಿದರೆ ತಾನೆ ಕಾಗದ, ಮೈಗೆ ಸುತ್ತಿದರೆ ಬಟ್ಟೆ. ಎಂಟು ನಕ್ಷೆಯನ್ನು ಹೊಟ್ಟೆಗೂ ತೊಡೆಗೂ ಸುತ್ತಿ ದಾರ ಬಿಗಿದ. ಒಂಬತ್ತನೆಯದು ಇನ್ನೂ ಹಸಿ. ಅದನ್ನು ಬೆನ್ನಿಗೆ, ಬನಿಯನ್ನಿನ ಮೇಲೆ ಹಾಸಿ, ಅಂಗಿಯ ಗುಂಡಿ ಹಾಕಿದ. ಟೆಂಪರವರಿ ಈಗ ಬಗ್ಗುವ ಹಾಗಿಲ್ಲ, ಕೂರುವ ಹಾಗಿಲ್ಲ, ಉಸಿರನ್ನೂ ಸಾಲ ತಂದಂತೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಹೆಜ್ಜೆಗೊಮ್ಮೆ ಮೈಯೆಲ್ಲ ಕರಕರ ಅನ್ನುತ್ತಿತ್ತು.

ಗೇಟಿನಲ್ಲಿ ಕಾವಲುಗಾರ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ.

"ಹೋಗುವಾಗ ಕಡ್ಡಿ ಇದ್ದೆ, ಬರುವಾಗ ಪೀಪಾಯಿ ಆಗಿದೀಯ?"

"ವಾಯು ಅಣ್ಣ. ಡಾಕ್ಟರು ವಾಯು ಅಂದ್ರು."

"ಅದೇನದು, ಕರಕರ ಅಂತಿದೆ?"

"ವಾಯುವೇ ಅಣ್ಣ. ತಿರುಗ್ತಾ ಇದೆ."

ಕಾವಲುಗಾರ ಅನುಮಾನದಿಂದ ಹತ್ತಿರ ಬಂದ. ಅವನ ಕೈ ಹೊಟ್ಟೆಯ ಕಡೆ ಚಾಚಿತು. ಟೆಂಪರವರಿ ಕಣ್ಣು ಮುಚ್ಚಿಕೊಂಡ. ಅಂಟಿನ ಹನಿಯೊಂದು ಬೆನ್ನುಹುರಿಯ ಉದ್ದಕ್ಕೂ ಇಳಿಯಿತು. ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಸಿಡಿಯಿತು.

"ಏಯ್! ಅವನನ್ನ ಮುಟ್ಬೇಡ! ಹೊಟ್ಟೆ ಯಾವ ಕ್ಷಣ ಏನಾಗತ್ತೋ ಹೇಳೋಕಾಗಲ್ಲ!"

ರೇಡಿಯೋ ಅಕ್ಕ. ಜೀವನದಲ್ಲಿ ಮೊದಲ ಸಲ ಟೆಂಪರವರಿಗೆ ಆಕೆಯ ಬಾಯಿ ದೇವರ ಬಾಯಿ ಎನಿಸಿತು. ಕಾವಲುಗಾರ ಮೂರು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

ನಕ್ಷೆ ಕೋಣೆಗೆ ಬಂದು ಚಿಲಕ ಹಾಕಿಕೊಂಡಾಗ ಮೂರೂವರೆ. ಎಂಟು ನಕ್ಷೆ ಬಿಚ್ಚಿದ, 'ರದ್ದು' ಮೊಹರು ಧಡಧಡ ಒತ್ತಿದ. ಒಂಬತ್ತನೆಯದನ್ನು ಎಳೆದ. ಬರಲಿಲ್ಲ. ಅಂಟು ಅಷ್ಟರಲ್ಲಿ ಒಣಗಿ ಬನಿಯನ್ನು ಮತ್ತು ನಕ್ಷೆ ಗಂಡಹೆಂಡಿರಂತೆ ಕೂಡಿಹೋಗಿದ್ದವು. ಬಿಡಿಸಿದರೆ ನಕ್ಷೆ ಹರಿಯುತ್ತದೆ. ಬನಿಯನ್ನನ್ನೇ ತಲೆಯ ಮೇಲಿಂದ ಎಳೆದು ತೆಗೆದ, ಕತ್ತರಿಯಿಂದ ಅದರ ಮುಂಭಾಗ ಕತ್ತರಿಸಿದ. ನಕ್ಷೆಯ ಬೆನ್ನಿಗೆ ಬನಿಯನ್ನಿನ ಬೆನ್ನು ಅಂಟಿಕೊಂಡೇ ಉಳಿಯಿತು. ಮೊಹರು ಒತ್ತಿದ. ಹೊರಗೆ ಹೆಡ್ ಗುಮಾಸ್ತರು ಬಾಗಿಲು ಬಡಿದರು.

ಸಮಿತಿಯಲ್ಲಿ ಮೂವರು. ನಡುವೆ ದೊಡ್ಡ ಸಾಹೇಬರು: ಯೋಜನೆ ಅವರ ಕೂಸು, ಅದು ರದ್ದಾದಂದಿನಿಂದ ಅವರ ಮೀಸೆಯೂ ಇಳಿಬಿದ್ದಿತ್ತು. ಬಲಕ್ಕೆ ಮುಖ್ಯ ಇಂಜಿನಿಯರು, ಎಡಕ್ಕೆ ಪಟ್ಟಿ ಓದುವ ಹೆಡ್ ಗುಮಾಸ್ತರು. ಮೇಜಿನ ಮೇಲೆ ಲಾರಿಯ ಮರದ ಮಾದರಿ. ಅಪ್ಪನ ಬುದ್ಧಿಯೇ ಮಗನಿಗೆ: ಮಾದರಿಯ ತೋಳು ಎತ್ತಿದರೂ ಅದು ಬಲಕ್ಕೆ ವಾಲುತ್ತಿತ್ತು.

"ನಕ್ಷೆ ಒಂದು." "ಇದೆ." "ನಕ್ಷೆ ಎರಡು." "ಇದೆ." ಟೆಂಪರವರಿ ಬನಿಯನ್ನಿಲ್ಲದ ಅಂಗಿಯಲ್ಲಿ ಬೆವರುತ್ತ ನಿಂತಿದ್ದ. ಎಂಟರ ತನಕ ಬಂತು. ಎಂಟು ದಾಟಿತು.

"ನಕ್ಷೆ ಒಂಬತ್ತು."

"ಇದೆ," ಎಂದರು ದೊಡ್ಡ ಸಾಹೇಬರು, ಸಹಿ ಹಾಕಲು ಪೆನ್ನು ಬಿಚ್ಚಿದರು, ಬಿಚ್ಚಿದವರು ಹಾಗೇ ನಿಂತುಬಿಟ್ಟರು. "ಇದೇನಿದು?"

ಸಾಹೇಬರು ನಕ್ಷೆಯನ್ನು ತಿರುಗಿಸಿದರು. ಹಿಂಬದಿ ಮುಟ್ಟಿ ನೋಡಿದರು. "ಹರಿದದ್ದನ್ನ ಜೋಡಿಸಿ, ಹಿಂದೆ ಬಟ್ಟೆ ಅಂಟಿಸಿದಾರೆ! ನಮ್ಮ ಕಾಲದಲ್ಲಿ ಹೀಗೆ ಮಾಡ್ತಿದ್ರು ಕಣ್ರೀ, ನಕ್ಷೆ ನೂರು ವರ್ಷ ಬಾಳಲಿ ಅಂತ." ಆಮೇಲೆ ಮುಂಬದಿಗೆ ಬಂದರು. ಕೆಂಪು ಬರಹವನ್ನು ಒಂದೊಂದೇ ಅಕ್ಷರ ಬಿಡದೆ ಗಟ್ಟಿಯಾಗಿ ಓದಿದರು.

"ತೋಳು... ಎರಡಿಂಚು... ಗಿಡ್ಡ ಮಾಡು. ಕುತ್ತಿಗೆ ಬಿಗಿ... ಅರ್ಧ ಇಂಚು ಸಡಿಲ ಬಿಡು. ಬಲಗಡೆ ಇಳಿದಿದೆ, ಅಡಿಗೆ ದಪ್ಪ ಪಟ್ಟಿ ಕೊಡು."

ಮುಖ್ಯ ಇಂಜಿನಿಯರು ಕುರ್ಚಿಯಿಂದ ಅರ್ಧ ಎದ್ದರು. "ಗಿರಾಕಿ ಅವಸರದವನು, ಬೇಗ ಮುಗಿಸು, ಅಂತಾನೂ ಇದೆ ಸಾರ್."

"ಗಿರಾಕಿ ಅಂದ್ರೆ?"

"ಸಂಕೇತ ಪದ ಇರ್ಬೇಕು ಸಾರ್. ಶತ್ರು ವಿಮಾನ."

ಸಾಹೇಬರು ಟೆಂಪರವರಿಯ ಕಡೆ ತಿರುಗಿದರು. "ಯಾರು ಬರ್ದಿದ್ದು ಇದನ್ನ? ನಿಜ ಹೇಳಿ."

ಮುಗಿಯಿತು ತನ್ನ ಕತೆ ಅಂದುಕೊಂಡ ಟೆಂಪರವರಿ. ಇನ್ನು ಸುಳ್ಳು ಹೇಳುವ ಶಕ್ತಿ ಅವನಲ್ಲಿರಲಿಲ್ಲ. "ನನ್ನ ಭಾಮೈದ ಸಾರ್."

"ಏನು ಮಾಡ್ತಾರೆ ಅವರು?"

"ಅಳತೆ ತಗೊಂಡು... ಕತ್ತರಿಸಿ... ಜೋಡಿಸೋ ಕೆಲಸ ಸಾರ್."

"ಫ್ಯಾಬ್ರಿಕೇಷನ್!" ಎಂದು ಇಂಜಿನಿಯರು ಮೇಜು ಗುದ್ದಿದರು. ಜೇಬಿನಿಂದ ಚಾಕು ತೆಗೆದು ಮಾದರಿಯ ತೋಳಿನ ತುದಿ ಕೊಯ್ದರು. ಕುತ್ತಿಗೆಯ ಮೊಳೆ ಸಡಿಲ ಮಾಡಿದರು. ಹೆಡ್ ಗುಮಾಸ್ತರ ಪಟ್ಟಿಯಿಂದ ಒಂದು ಚೂರು ಹರಿದು ಮಡಚಿ ಬಲಚಕ್ರದ ಅಡಿಗೆ ಇಟ್ಟರು. ತೋಳು ಎತ್ತಿದರು.

ಮಾದರಿ ವಾಲಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಲಾರಿ ನೆಟ್ಟಗೆ ನಿಂತಿತು.

ದೊಡ್ಡ ಸಾಹೇಬರ ಕಣ್ಣಲ್ಲಿ ನೀರು ಬಂತು. ಅವರು ಫೋನಿನ ಕಡೆ ಓಡಿದರು. ಮೇಲಿನವರ ಜೊತೆ ಒಮ್ಮೆ ಗುಡುಗಿದರು, ಒಮ್ಮೆ ಬೇಡಿದರು, ಕೊನೆಗೆ ಎದೆಯುಬ್ಬಿಸಿ ತಿರುಗಿದರು. ಮೀಸೆ ಮತ್ತೆ ಮೇಲೇರಿತ್ತು. "ಬರ್ಕೊಳ್ರೀ ಹೆಡ್ ಗುಮಾಸ್ತ್ರೇ. ಯೋಜನೆ ರದ್ದಾಗಿದ್ದು ರದ್ದು!"

ಹೆಡ್ ಗುಮಾಸ್ತರು ಬರೆದರು. ಟೆಂಪರವರಿ ಬಗ್ಗಿ ಒಂದೊಂದೇ ಕೊಂಬು ಪರೀಕ್ಷಿಸಿದ. ಈ ಸಲ ಎರಡೂ ಸರಿಯಾಗಿದ್ದವು. ಆಮೇಲೆ ಕೇಳಿದ, "ಸಾರ್, ನನ್ನ ಪರ್ಮನೆಂಟು?"

"ನಿಮ್ಮ ಆದೇಶದಲ್ಲಿ ಏನಿದೆ?"

"ಯೋಜನೆ ಮುಗಿಯುವ ತನಕ ತಾತ್ಕಾಲಿಕ ಅಂತ ಸಾರ್."

"ಯೋಜನೆ ಎಲ್ಲಿ ಮುಗೀತು ಕಣ್ರೀ? ಈಗ ತಾನೆ ಮತ್ತೆ ಶುರುವಾಯ್ತು! ಖುಷಿ ಪಡಿ!" ಎಂದು ಸಾಹೇಬರು ಅವನ ಇಳಿದ ಭುಜದ ಮೇಲೆ ಬಲವಾಗಿ ತಟ್ಟಿದರು. ಅದು ಇನ್ನೊಂದಿಷ್ಟು ಇಳಿಯಿತು. "ಆ ಒಂಬತ್ತನೇ ನಕ್ಷೆ ಜೋಪಾನ. ಅದರ ಮೇಲಿರೋ ಅಳತೆ ಇವತ್ತಿಂದ ದೇಶದ ಗುಟ್ಟು. ಎಲ್ಲಿ ನಿಮ್ಮ ಭಾಮೈದ? ಜೀಪ್ ಕಳಿಸಿ!"

ಕಪಾಟಿಗೆ ಬೀಗ ಹಾಕಿ ಟೆಂಪರವರಿ ಕಾಲೆಳೆಯುತ್ತ ಮನೆಯ ಬೀದಿಗೆ ಬರುವಾಗ ಇನ್ನೂ ಬೆಳಕಿತ್ತು. ಮನೆ ಮುಂದೆ ಮಿಲ್ಟ್ರಿ ಜೀಪು. ಹೆಂಡತಿ ಬಾಗಿಲಲ್ಲೇ ಓಡಿ ಬಂದು ಅವನ ಅಂಗಿಯ ತೋಳು ಹಿಡಿದಳು. ಕೈ ಹಿಡಿಯೋಣ ಅಂದರೆ ಕೈ ಸಿಗಲಿಲ್ಲ.

"ರೀ, ನನ್ನ ತಮ್ಮನಿಗೆ ಕೆಲಸ ಆಯ್ತು ರೀ! ಕತ್ತರಿ ಹಿಡಿದು ಎಷ್ಟು ವರ್ಷ ಆಯ್ತು ಅಂತ ಒಂದೇ ಪ್ರಶ್ನೆ ಕೇಳಿದ್ರಂತೆ. ಹದಿನೆಂಟು ಅಂದನಂತೆ. ತಾಂತ್ರಿಕ ಸಲಹೆಗಾರ! ಪರ್ಮನೆಂಟು! ಎರಡು ಕೋಣೆ ಮನೆ, ಒಳಗೇ ನಲ್ಲಿ! ನೀರು ಬೇಕಾದ್ರೆ ನಮ್ಮನೇಲಿ ಹಿಡ್ಕೊಳ್ಳಕ್ಕ ಅಂದಿದಾನೆ."

ಒಳಗೆ ಭಾಮೈದ ಇದ್ದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ.

ಟೆಂಪರವರಿ ಅವನ ಮುಂದೆ ಹೋಗಿ ನಿಂತ. ಇದ್ದದ್ದೆಲ್ಲ ಹೋದವನು ಉಳಿದದ್ದನ್ನಾದರೂ ಕೇಳುವಂತೆ, ಕೇಳಿದ. "ಹೋಗ್ಲಿ ಬಿಡೋ. ಈ ಅಂಗಿ ತೋಳಾದ್ರೂ ಸರಿ ಮಾಡಿಕೊಡು."

ಭಾಮೈದ ಕಿಟಕಿಯ ಕಡೆ ನೋಡಿ, ಜೀಪಿನವರಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ಆಗಲ್ಲ ಭಾವ. ಆ ಅಳತೆ ಈಗ ಅತಿ ರಹಸ್ಯ. ಯಾರಿಗೂ ಹೇಳಲ್ಲ, ಯಾವ ಬಟ್ಟೆ ಮೇಲೂ ಹಾಕಲ್ಲ ಅಂತ ಸಹಿ ಮಾಡಿಕೊಟ್ಟಿದೀನಿ. ಅದರಲ್ಲೂ ಟೆಂಪರವರಿಗಳಿಗೆ ಹೇಳ್ಲೇಬಾರದಂತೆ."

ಹಣೆ ಚಚ್ಚಿಕೊಳ್ಳೋಣವೆಂದು ಟೆಂಪರವರಿ ಕೈ ಎತ್ತಿದ. ಅಂಗಿಯ ತೋಳೊಂದೇ ಹಣೆಗೆ ಬಡಿಯಿತು, ಕೈ ಒಳಗೇ ಉಳಿಯಿತು.